ಬಿಳಿ ಹೊದಿಕೆ, ಎರಡನೇ ಸಲ

ಪ್ರೊಜೆಕ್ಟರಿನ ಬೆಳಕಿನಲ್ಲಿ ಧೂಳು ಸುತ್ತುತ್ತಿದೆ, ಸಿಗರೇಟಿನ ಹೊಗೆ ಅದರೊಳಗೆ ಹೊಕ್ಕು ನೀಲಿಯಾಗುತ್ತಿದೆ, ಯಾರದು ಸಿಗರೇಟು, ಮುಂದಿನ ಸಾಲಿನ ಟೋಪಿಯವನದು, ಟೋಪಿಯೊಳಗೆ ಉದ್ದ ಕೂದಲು ಮಡಚಿಟ್ಟುಕೊಂಡಿದ್ದಾನೆ, ಬೀದಿಯಲ್ಲಿ ನಮ್ಮ ಪೊಲೀಸರು ಗಂಡಸರ ಉದ್ದ ಕೂದಲಿಗೆ ಕತ್ತರಿ ಹಿಡಿದು ನಿಂತಿರುತ್ತಾರೆ ಅಂತ ಗೊತ್ತು ಅವನಿಗೆ, ಇರಲಿ, ಕೂದಲು ಇವತ್ತಿನ ಕೆಲಸವಲ್ಲ, ಇವತ್ತಿನ ಕೆಲಸ ಪರದೆ, ಪರದೆಯ ಮೇಲೆ ಒಂದು ಬಟ್ಟೆ — ತಂತಿಗೆ ಹಾಕಿದ ರಜಾಯಿಯ ಬಿಳಿ ಹೊದಿಕೆ, ಎರಡು ತುದಿಗೆ ಎರಡು ಮರದ ಕ್ಲಿಪ್ಪು, ಅಷ್ಟೇ, ಆಗಿನಿಂದ ಅಷ್ಟೇ. ಕ್ಯಾಮೆರಾ ಅಲುಗುವುದಿಲ್ಲ, ಮಾತಿಲ್ಲ, ಸಂಗೀತವಿಲ್ಲ, ಬಟ್ಟೆ ಒಣಗುತ್ತಿದೆ, ಒಂದು ಕೋಣೆ ತುಂಬ ಓದಿದ ಜನ ಚಹಾದಂಗಡಿಯ ಮಹಡಿಯಲ್ಲಿ ಕಿಟಕಿಗಳಿಗೆ ಕಂಬಳಿ ಹೊಡೆದು ಕತ್ತಲು ಮಾಡಿಕೊಂಡು ಬಟ್ಟೆ ಒಣಗುವುದನ್ನು ನೋಡುತ್ತಿದ್ದಾರೆ, ಇದರಲ್ಲಿ ಏನೂ ಇಲ್ಲ ಅಂತ ನಂಬಲು ನಾನೇನು ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವನೇ. ಬಿಳಿ ಯಾಕೆ, ಸಾವಿನ ಮನೆಯ ಬಣ್ಣ ಬಿಳಿ, ಹಾಗಾದರೆ ಸತ್ತವರು ಯಾರು, ಅಥವಾ ಉತ್ತರ ಕೊರಿಯಾದವರಿಗೆ ತೋರಿಸುವ ಶಾಂತಿ ಬಾವುಟವೋ, ಎರಡು ಕ್ಲಿಪ್ಪು ಯಾಕೆ, ಮೂರು ಯಾಕಲ್ಲ, ದೊಡ್ಡ ಹೊದಿಕೆಗೆ ಮೂರು ಹಾಕುತ್ತಾರೆ ಯಾವ ಮನೆಯಲ್ಲಾದರೂ. ಸೆನ್ಸಾರ್ ಕಚೇರಿಯವರು ಚಿತ್ರಕಥೆ ಕೊಡಿ ಎಂದರೆ ಇವಳು, ಈ ಓಕ್ ಇನ್‌ಜಾ, ಕಲಾಶಾಲೆಯಲ್ಲಿ ಓದಿ ಬಂದವಳು, ಒಂದೇ ಸಾಲು ಬರೆದುಕೊಟ್ಟಳಂತೆ, ಬಟ್ಟೆ ಒಣಗುತ್ತದೆ ಅಂತ, ಅವರು ನಕ್ಕು ಮುದ್ರೆ ಒತ್ತಿದರು, ನಮ್ಮ ಠಾಣೆಯ ತಾಕ್ ಸಾಹೇಬರು ನಗಲಿಲ್ಲ, ಲೋ ಗಿಲ್, ಒಂದು ಸಾಲಲ್ಲಿ ಬರೆಯೋದಕ್ಕೆ ಯಾರಾದ್ರೂ ಇಷ್ಟು ಫಿಲಂ ಸುಡ್ತಾರೇನಯ್ಯ, ಒಳಗೆ ಏನೋ ಇದೆ, ಆ ಹೆಂಗಸಿನ ಮನೆ ಮುಂದೆ ನಿಂತ್ಕೊ. ನಿಂತುಕೊಂಡೆ. ಚಳಿಗಾಲ ಪೂರ್ತಿ, ವಸಂತ ಪೂರ್ತಿ, ಗುಡ್ಡದ ಆ ಓಣಿಯಲ್ಲಿ, ವಿದ್ಯುತ್ ಕಂಬದ ಬುಡದಲ್ಲಿ. ಈಗ ಸಾಹೇಬರು ನನ್ನ ಎಡಗಡೆಯ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದಾರೆ, ಖುದ್ದು ಬಂದಿದ್ದಾರೆ, ಗದ್ದ ಎದೆಗೆ ತಾಗಿದೆ, ಉಸಿರು ನಿಧಾನವಾಗಿದೆ, ನಿದ್ದೆಯೋ ನಾಟಕವೋ ಗೊತ್ತಿಲ್ಲ, ಸಾಹೇಬರ ನಿದ್ದೆಯನ್ನು ನಂಬಿ ಕೆಟ್ಟವರನ್ನು ಕಂಡಿದ್ದೇನೆ.

ಯಾರೋ ಕಿಸಕ್ಕೆಂದರು, ಹುಡುಗಿಯ ದನಿ, ಇನ್ನೊಬ್ಬರು ಶ್ ಎಂದರು, ಏನಾಯಿತು, ಬಟ್ಟೆ ಅದೇ, ತಂತಿ ಅದೇ — ಬಟ್ಟೆಯ ಕೆಳಗೆ ಓಣಿಯ ನೆಲ ಒಂದು ಗೇಣಿನಷ್ಟು ಕಾಣುತ್ತಿದೆ, ಅಲ್ಲಿ ಒಂದು ಜೊತೆ ಬೂಟು. ಬಟ್ಟೆಯ ಹಿಂದೆ ಯಾರೋ ನಿಂತಿದ್ದಾನೆ, ಬೂಟು ಮಾತ್ರ ಕಾಣುತ್ತದೆ, ಬಲಗಾಲು ಎಡಗಾಲಿನ ಹಿಮ್ಮಡಿಗೆ ಉಜ್ಜಿಕೊಳ್ಳುತ್ತದೆ, ಮತ್ತೆ ನೆಲಕ್ಕೆ ಬರುತ್ತದೆ, ಮತ್ತೆ ಕಿಸಕ್. ಕಂದು ಬೂಟು, ಎಡಗಡೆಯದಕ್ಕೆ ಬದಿಯಲ್ಲಿ ತೇಪೆ, ತೇಪೆ ಹಾಕಿಸಿದ್ದು ಮಾರುಕಟ್ಟೆಯ ಮೂಲೆಯ ಕುಂಟನ ಹತ್ತಿರ, ಹೊಲಿಗೆ ಸ್ವಲ್ಪ ಸೊಟ್ಟಗೆ ಬಂತು ಅಂತ ಬೈದದ್ದೂ ನಾನೇ, ಬೂಟು ನನ್ನದು. ನನ್ನ ಬೂಟು ಸಿನಿಮಾದಲ್ಲಿದೆ. ಕಾಲು ಎರಡನ್ನೂ ಕುರ್ಚಿಯ ಕೆಳಗೆ ಎಳೆದುಕೊಂಡೆ, ಕುರ್ಚಿ ಕಿರ್ರೆಂದಿತು, ಸಾಹೇಬರ ಉಸಿರು ಒಂದು ಸಲ ತಡೆದು ಮತ್ತೆ ಹೊರಟಿತು. ಹಾಗಾದರೆ ಕ್ಯಾಮೆರಾ ಅವಳ ಕೋಣೆಯ ಕಿಟಕಿಯಲ್ಲಿತ್ತು, ಪರದೆ ಎಳೆದ ಕಿಟಕಿ, ಅದನ್ನು ನಾನು ದಿನವೂ ನೋಡುತ್ತಿದ್ದೆ, ದಿನವೂ ಬರೆಯುತ್ತಿದ್ದೆ, ಕಿಟಕಿ ಮುಚ್ಚಿದೆ, ಚಟುವಟಿಕೆ ಇಲ್ಲ — ಚಟುವಟಿಕೆ ಇತ್ತು, ಚಟುವಟಿಕೆ ನಾನೇ. ತಂತಿಯ ಒಂದು ತುದಿ ಅವಳ ಸೂರಿಗೆ, ಇನ್ನೊಂದು ತುದಿ ನನ್ನ ಕಂಬಕ್ಕೆ, ಗುಡ್ಡದ ಓಣಿಗಳಲ್ಲಿ ಎಲ್ಲರೂ ಹಾಗೇ ಕಟ್ಟುತ್ತಾರೆ, ಬಿಸಿಲು ಬೀಳುವುದು ಅಲ್ಲಿಯೇ, ಅಕ್ಕಪಕ್ಕದ ಮುದುಕಿಯರು ನನ್ನ ಕಿವಿಯ ಮೇಲೆಯೇ ಹಸಿ ಬಟ್ಟೆ ಹರವಿ ಹೋಗುತ್ತಿದ್ದರು, ಯಾರಪ್ಪಾ ನೀನು, ಮನೆ ಹುಡುಕ್ತಿದೀಯಾ, ಎಷ್ಟು ತಿಂಗಳಾಯ್ತು ಹುಡುಕ್ತಾ. ಇನ್‌ಜಾ ಮಾತ್ರ ಒಂದು ದಿನವೂ ನನ್ನತ್ತ ನೋಡಲಿಲ್ಲ, ಆಗಲೇ ಅನುಮಾನ ಬರಬೇಕಿತ್ತು, ಕಂಬದ ಪಕ್ಕ ಮನುಷ್ಯ ನಿಂತಿದ್ದರೆ ಯಾರಾದರೂ ಒಂದು ಸಲ ನೋಡುತ್ತಾರೆ, ನೋಡದೇ ಇರುವವರು ಮೊದಲೇ ನೋಡಿಕೊಂಡವರು. ಯಾವ ದಿನ ತೆಗೆದಳು ಇದನ್ನು, ಯಾವ ದಿನ, ನೆರಳು ಉದ್ದವಾಗಿದೆ, ಸಂಜೆ, ಬೆಳಕು ಹಳದಿ, ವಸಂತದ ಹಳದಿ ಧೂಳು ಬೀಸಿದ ದಿನ, ಗಾಳಿ — ಅಯ್ಯೋ, ಬೇಡ, ಆ ದಿನ ಬೇಡ, ಬೇರೆ ಎಷ್ಟೋ ದಿನಗಳಿದ್ದವಲ್ಲ. ಎಡಗಡೆಯ ಕ್ಲಿಪ್ಪು ಸಡಿಲವಾಗುತ್ತಿದೆ. ಮರದ ಕ್ಲಿಪ್ಪು ನಿಧಾನವಾಗಿ ಬಾಯಿ ಬಿಡುತ್ತಿದೆ, ಗಾಳಿ ಬಟ್ಟೆಯನ್ನು ತುಂಬಿ ಮತ್ತೆ ಬಿಡುತ್ತದೆ, ಕ್ಲಿಪ್ಪು ತಂತಿಯ ಮೇಲೆ ವಾಲುತ್ತದೆ, ಹೋಯಿತು.

ಬಟ್ಟೆ ಬಿತ್ತು, ಓಣಿ ಕಂಡಿತು. ಕೋಣೆಯಲ್ಲಿ ಉಸಿರೆಳೆದುಕೊಂಡ ಶಬ್ದ, ಯಾಕೆಂದರೆ ಓಣಿಯಲ್ಲಿ ಎಲ್ಲರೂ ನಿಂತಿದ್ದಾರೆ, ಕಲ್ಲಿದ್ದಲ ಬಿಲ್ಲೆ ಹೊತ್ತವನು ಬೆನ್ನ ಮೇಲೆ ಹೊರೆ ಇಟ್ಟುಕೊಂಡೇ ನಿಂತಿದ್ದಾನೆ, ಶಾಲೆಯ ಹುಡುಗಿಯರು ಇಬ್ಬರು, ಮೂಲಂಗಿ ಬುಟ್ಟಿಯ ಮುದುಕಿ, ಎಲ್ಲರ ಬಲಗೈಯೂ ಎದೆಯ ಮೇಲೆ, ಒಬ್ಬರ ಬೆರಳೂ ಅಲುಗುವುದಿಲ್ಲ. ಶಬ್ದವಿಲ್ಲದ ಚಿತ್ರ, ಶಬ್ದ ಬೇಕಾಗಿಯೂ ಇಲ್ಲ, ಸಿಯೋಲಿನಲ್ಲಿ ಹುಟ್ಟಿದ ಕೂಸಿಗೂ ಗೊತ್ತಾಗುತ್ತದೆ ಅದು ಸಂಜೆ ಆರರ ಹೊತ್ತು, ಧ್ವಜ ಇಳಿಸುವ ಹೊತ್ತು, ಧ್ವನಿವರ್ಧಕದಲ್ಲಿ ರಾಷ್ಟ್ರಗೀತೆ ಬರುತ್ತಿದೆ, ಮುಗಿಯುವ ತನಕ ಎಲ್ಲಿದ್ದವರು ಅಲ್ಲೇ ನಿಲ್ಲಬೇಕು. ಕಂಬದ ಬುಡದಲ್ಲಿ ನಾನೂ ನಿಂತಿದ್ದೇನೆ, ಬೂದು ಕೋಟು, ಎದೆಯ ಮೇಲೆ ಕೈ, ಯಾರು ನಿಂತರು ಯಾರು ನಿಲ್ಲಲಿಲ್ಲ ಅಂತ ನೋಡುವುದು ನನ್ನ ಕೆಲಸ, ಹೋದ ಶರತ್ಕಾಲದಲ್ಲಿ ಒಬ್ಬ ವಿದ್ಯಾರ್ಥಿ ಗೀತೆ ನಡೆಯುವಾಗ ಬಗ್ಗಿ ಬೂಟಿನ ದಾರ ಕಟ್ಟಿಕೊಂಡ, ಕರೆದೊಯ್ದೆ, ಸಾಹೇಬರು ಅವನಿಗೆ ಕೇಳಿದ್ದು ಒಂದೇ, ಬಗ್ಗಿದೆಯಾ ಇಲ್ಲವಾ, ಆಮೇಲೆ ಅವನನ್ನು ಗುಡ್ಡದ ಮೇಲಿನ ಕಟ್ಟಡದವರು, ಗುಪ್ತಚರ ಇಲಾಖೆಯವರು, ಕರೆದುಕೊಂಡು ಹೋದರು, ಆಮೇಲೆ ನನಗೆ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವುದು ನನ್ನ ಕೆಲಸವಲ್ಲ. ಪರದೆಯ ಮೇಲಿನ ನಾನು ನೆಲದ ಕಡೆ ನೋಡುತ್ತಿದ್ದೇನೆ. ಹಳದಿ ಧೂಳಿನಲ್ಲಿ ಬಿಳಿ ಬಟ್ಟೆ. ಗಂಜಿ ಹಾಕಿದ ಬಟ್ಟೆ, ಅವತ್ತು ಕಂಡ ಕೂಡಲೇ ಗೊತ್ತಾಗಿತ್ತು, ಅಂಚು ಬಿಗಿದುಕೊಂಡು ನಿಂತಿತ್ತು, ಅಮ್ಮ ಊರವರ ಹೊದಿಕೆಗಳಿಗೆ ಗಂಜಿ ಹಾಕಿ ಬದುಕಿದವಳು, ಒಗೆದು, ಗಂಜಿಯಲ್ಲಿ ಅದ್ದಿ, ಅರೆ ಒಣಗಿಸಿ, ಮಡಚಿ ತುಳಿದು, ಕಲ್ಲಿನ ಮೇಲೆ ಕೋಲಿನಿಂದ ಬಡಿದು ಬಡಿದು, ಟಕ ಟಕ ಟಕ, ಅದು ನನ್ನ ಜೋಗುಳ, ಒಂದು ಸಲ ಒಂದು ಬಟ್ಟೆ ನೆಲಕ್ಕೆ ಬಿದ್ದರೆ ಅಷ್ಟೂ ಮೊದಲಿನಿಂದ, ಅವಳು ಬಯ್ಯುತ್ತಿರಲಿಲ್ಲ, ಸುಮ್ಮನೆ ಕೂತುಬಿಡುತ್ತಿದ್ದಳು, ಬೊಂಗ್‌ಸು, ಎತ್ತೋ ಮಗಾ, ಕೆಸರು ಕುಡಿಯೋದ್ರೊಳಗೆ ಎತ್ತು. ಎತ್ತಿದೆ. ಎತ್ತುತ್ತಿದ್ದೇನೆ. ಊರಿಡೀ ನಿಂತಿರುವಾಗ ನಾನೊಬ್ಬ ಬಗ್ಗಿದ್ದೇನೆ, ಬಟ್ಟೆಯನ್ನು ಕೊಡವುತ್ತಿದ್ದೇನೆ, ಒಂದು ಸಲ, ಎರಡು ಸಲ, ತಂತಿಯ ಮೇಲೆ ಹಾಕಿ ಅಂಚು ಎಳೆದು ಸರಿ ಮಾಡುತ್ತಿದ್ದೇನೆ, ಕ್ಲಿಪ್ಪು ಹುಡುಕಿ ಒತ್ತುತ್ತಿದ್ದೇನೆ, ಒತ್ತುವ ಮೊದಲು ತಲೆಯೆತ್ತಿ ಕಿಟಕಿಯತ್ತ ನೋಡಿದೆ, ಈಗ ಈ ಕೋಣೆಯ ಎಲ್ಲರನ್ನೂ ನೋಡುತ್ತಿದ್ದೇನೆ, ಆಮೇಲೆ ಬಟ್ಟೆ ಮತ್ತೆ ಮುಚ್ಚಿತು, ಕೆಳಗೆ ಬೂಟು ಮಾತ್ರ. ಕೋಣೆಯಲ್ಲಿ ಯಾರೂ ನಗಲಿಲ್ಲ, ಯಾರೋ ಒಬ್ಬರು ಮೂಗು ಎಳೆದುಕೊಂಡರು. ನಾನು ಎಡಗಡೆಗೆ ನೋಡಿದೆ, ಕುತ್ತಿಗೆ ತಿರುಗಿಸದೆ, ಕಣ್ಣು ಮಾತ್ರ. ಸಾಹೇಬರ ಬಾಯಿ ತೆರೆದಿತ್ತು, ಜೊಲ್ಲು ಟೈ ಮೇಲೆ ಇಳಿದಿತ್ತು.

ದೀಪ ಹಾಕಿದರು, ರೀಲು ಹಿಂದಕ್ಕೆ ಸುತ್ತುವ ಸದ್ದು, ಹಿಂದಕ್ಕೆ ಯಾಕೆ ಸುತ್ತುತ್ತಿದ್ದಾರೆ, ಮುಗಿಯಿತಲ್ಲ. ಸಾಹೇಬರು ಕಣ್ಣು ಉಜ್ಜಿಕೊಂಡು ಟೈ ಒರೆಸಿಕೊಂಡರು, ಮುಗೀತಾ, ಏನ್ ಬಂತಯ್ಯ ಇದ್ರಲ್ಲಿ. ಬಟ್ಟೆ ಸಾರ್. ಬಟ್ಟೆ ಅಷ್ಟೇನಾ. ಒಣಗ್ತು ಸಾರ್. ಪೂರ್ತಿ ಒಣಗ್ತಾ. ಪೂರ್ತಿ ಸಾರ್, ಹೋಗೋಣ ಸಾರ್, ಕೆಳಗಡೆ ಬಿಸಿ ಕಾಫಿಗೆ ಮೊಟ್ಟೆ ಒಡೆದು ಹಾಕಿ ಕೊಡ್ತಾರೆ. ಎದ್ದೇಬಿಟ್ಟಿದ್ದೆ, ಏಳಬಾರದಿತ್ತು, ಸಾಹೇಬರು ನನ್ನ ಮುಖ ನೋಡಿದರು, ಅವರು ಯಾರ ಮುಖವನ್ನಾದರೂ ಹಾಗೆ ನೋಡುವುದು ಠಾಣೆಯ ಹಿಂದಿನ ಕೋಣೆಯಲ್ಲಿ, ಪಕ್ಕದಲ್ಲಿ ನಿಂತು ಎಷ್ಟೋ ಸಲ ಕಂಡಿದ್ದೇನೆ, ಮೊದಲು ಹಣೆ, ಆಮೇಲೆ ಬಾಯಿ, ಕಣ್ಣು ಕೊನೆಗೆ. ನಿನಗೇನಯ್ಯ ಅಷ್ಟು ಅವಸರ, ಬೆವರ್ತಿದೀಯ ಬೇರೆ. ಸೆಖೆ ಸಾರ್, ಕಂಬಳಿ ಹೊಡೆದಿದ್ದಾರಲ್ಲ. ಅಷ್ಟರಲ್ಲಿ ಅವಳು ಬಂದಳು, ಇನ್‌ಜಾ, ತಟ್ಟೆಯ ಮೇಲೆ ಬಾರ್ಲಿ ಚಹಾ, ಗಂಡಸರ ಪ್ಯಾಂಟು, ಕತ್ತರಿಸಿದ ಕೂದಲು, ಮುಖದಲ್ಲಿ ಏನೂ ಇಲ್ಲ, ಅವಳ ಸಿನಿಮಾದ ಹಾಗೇ, ಏನೂ ಇಲ್ಲ ಅಂದರೆ ಏನೋ ಇದೆ. ಎರಡನೇ ಸಲ ನೋಡ್ದೆ ಹೋಗ್ಬೇಡಿ ಸಾರ್, ಎಂದಳು ಸಾಹೇಬರಿಗೆ, ನಾವು ಯಾವ ಚಿತ್ರಾನೂ ಎರಡು ಸಲ ತೋರಿಸೋದು, ಮೊದಲ್ನೇ ಸಲ ಜನ ಕತೆ ಹುಡುಕ್ತಾರೆ, ಸಿಕ್ಕಲ್ಲ, ಬೇಜಾರಾಗಿ ನಿದ್ದೆ ಮಾಡ್ತಾರೆ, ಎರಡನೇ ಸಲ ಕಣ್ಣು ಬಿಟ್ಕೊಂಡು ನೋಡ್ತಾರೆ. ನಿದ್ದೆ ಯಾರ್ ಮಾಡಿದ್ರು, ಎಂದರು ಸಾಹೇಬರು. ಯಾರೋ ಮಾಡಿದ್ರು ಸಾರ್, ಗೊರಕೆ ಕೇಳಿಸ್ತು, ಈ ಹೊಸಬರಿರಬೇಕು — ಎಂದು ನನ್ನತ್ತ ತಿರುಗಿದಳು, ಮೊದಲನೇ ಸಲ ನನ್ನ ಕಡೆ ನೋಡಿದಳು, ಕಾಲು ಯಾಕೆ ಅಷ್ಟೊಂದು ಒಳಗೆ ಎಳ್ಕೊಂಡಿದೀರ ಸಾರ್, ಮುಂದಕ್ಕೆ ಚಾಚ್ಕೊಳ್ಳಿ, ಜಾಗ ಇದೆ. ಸಾಹೇಬರು ನಕ್ಕರು. ನಾನು ನಗುವುದು ತಡವಾಯಿತು. ಚಹಾ ನಾಲಿಗೆ ಸುಟ್ಟಿತು. ಅವಳಿಗೆ ಗೊತ್ತು, ಎಲ್ಲ ಗೊತ್ತು, ಆದರೆ ಏನು ಬೇಕು ಅವಳಿಗೆ, ಹೆದರಿಸುವುದಿದ್ದರೆ ಮೊದಲೇ ಹೆದರಿಸಬಹುದಿತ್ತು, ಓಣಿಯಲ್ಲಿ ಬಂದು ಹೇಳಬಹುದಿತ್ತು, ಸಾರ್ ನಿಮ್ಮನ್ನ ಹಿಡಿದಿಟ್ಟಿದೀನಿ ಅಂತ, ಹೇಳಲಿಲ್ಲ. ನಾನು ಬಟ್ಟೆ ಎತ್ತಿದ ಮಾರನೇ ದಿನ ಕಂಬದ ಪಕ್ಕದ ಗೋಡೆಯ ಮೇಲೆ ಒಂದು ಸುಟ್ಟ ಗೆಣಸು ಇತ್ತು, ಹಳೇ ಪತ್ರಿಕೆಯಲ್ಲಿ ಸುತ್ತಿದ್ದು, ಬಿಸಿ ಬಿಸಿ, ಲಂಚ ಅಂದುಕೊಂಡೆ, ವಿಷ ಅಂದುಕೊಂಡೆ, ಪತ್ರಿಕೆಯಲ್ಲಿ ಯಾವ ಸುದ್ದಿಗೆ ಗುರುತು ಹಾಕಿದ್ದಾರೆ ಅಂತ ಹಿಂದೆ ಮುಂದೆ ನೋಡಿದೆ, ಚಪ್ಪಲಿಯ ಜಾಹೀರಾತಿತ್ತು, ಗೆಣಸನ್ನು ಮುರಿದು, ಹಿಸುಕಿ, ಚೂರು ಚೂರು ಮಾಡಿ ನೋಡಿದೆ, ಒಳಗೆ ಗೆಣಸೇ ಇತ್ತು. ತಿನ್ನಲಿಲ್ಲ. ಮನೆಗೆ ಹೋಗಿ ಹೆಂಡತಿಗೆ ಗೆಣಸಿನ ವಿಷಯ ಹೇಳಿದರೆ ಕೈ ಬಡಿದುಕೊಂಡಳು, ನಿಮಗೆ ಯಾರೂ ಪ್ರೀತಿಯಿಂದ ಏನೂ ಕೊಡಬಾರದು ನೋಡಿ, ಗೆಣಸಿಗೂ ವಿಚಾರಣೆ ಮಾಡ್ತೀರ. ಬಟ್ಟೆ ಎತ್ತಿದ್ದು ಅವಳಿಗೂ ಹೇಳಿಲ್ಲ, ಯಾರಿಗೂ ಹೇಳಿಲ್ಲ, ನಮ್ಮ ಮಗಳು ಮಿಗ್ಯೊಂಗ್ ಶಾಲೆಯಲ್ಲಿ ಧ್ವಜ ಹಿಡಿಯುವ ಹುಡುಗಿ, ಅಪ್ಪ ಪೊಲೀಸ್ ಅಂತ ಅವಳನ್ನು ಆರಿಸಿದ್ದಾರೆ, ಗೀತೆ ನಡೆಯುವಾಗ ಅಪ್ಪ ಬಗ್ಗಿದ ಅಂತಾದರೆ ಆ ಕೋಲು ಅವಳ ಕೈಯಿಂದ ಕಿತ್ತುಕೊಳ್ಳುತ್ತಾರೆ, ಅದು ಚಿಕ್ಕದು, ದೊಡ್ಡದು ಏನೇನು ಅಂತ ಯೋಚಿಸಲಾರೆ, ಗುಡ್ಡದ ಮೇಲಿನ ಕಟ್ಟಡಕ್ಕೆ ಹೋಗುವ ರಸ್ತೆಯ ತಿರುವುಗಳೆಲ್ಲ ನನಗೆ ಗೊತ್ತು, ಜೀಪು ಓಡಿಸಿದ್ದೇನೆ, ಹಿಂದಿನ ಸೀಟಿನಲ್ಲಿ ಕೂತು ಹೋಗಿಲ್ಲ. ಸರಿ ಬಿಡಮ್ಮ, ನೋಡಿಯೇ ಹೋಗೋಣ, ಎಂದರು ಸಾಹೇಬರು, ಕಣ್ಣು ನನ್ನ ಮೇಲೆ, ನಮ್ಮ ಹುಡುಗನಿಗೆ ಯಾಕೋ ಇದು ಇಷ್ಟವಾಗಿಲ್ಲ, ಅದಕ್ಕೇ ನೋಡ್ಬೇಕು.

ದೀಪ ಆರಿತು. ಮತ್ತೆ ಬಟ್ಟೆ. ಈಗ ಹಸಿಯಾಗಿದೆ ಅಂತ ಕಾಣುತ್ತದೆ, ಮೊದಲನೇ ಸಲ ಕಾಣಲಿಲ್ಲ, ಮೇಲುಗಡೆ ಬಿಳಿ, ಕೆಳಗಡೆ ಬೂದು, ನೀರು ಕೆಳಕ್ಕೆ ಇಳಿದು ಅಂಚಿನಲ್ಲಿ ಹನಿಯಾಗಿ ನಿಲ್ಲುತ್ತದೆ, ಬೀಳುತ್ತದೆ, ಅವಳು ಹೇಳಿದ್ದು ನಿಜ, ಎರಡನೇ ಸಲ ಕಣ್ಣು ಬಿಟ್ಟುಕೊಳ್ಳುತ್ತದೆ, ಈ ಕೋಣೆಯಲ್ಲಿ ನನ್ನಷ್ಟು ಕಣ್ಣು ಬಿಟ್ಟುಕೊಂಡು ಬಟ್ಟೆ ನೋಡುತ್ತಿರುವವರು ಯಾರೂ ಇಲ್ಲ. ಸಾಹೇಬರು ಮುಂದಕ್ಕೆ ಬಾಗಿ ಕೂತಿದ್ದಾರೆ, ಮೊಣಕಾಲಿನ ಮೇಲೆ ಕೈ. ಬೂಟು ಬಂತು, ನಗು ಬಂತು, ಯಾರದಯ್ಯ ಆ ಕಾಲು, ಎಂದರು ಪಿಸುಮಾತಿನಲ್ಲಿ. ದಾರಿಹೋಕ ಇರಬೇಕು ಸಾರ್. ದಾರಿಹೋಕ ಹೋಗ್ಬೇಕಲ್ಲ, ಇವನು ನಿಂತಿದಾನೆ. ಹ್ಞೂಂ ಸಾರ್. ನೀನು ಅದೇ ಓಣೀಲಿ ಇದ್ದೆಯಲ್ಲ, ನೋಡಿಲ್ವಾ ಇವನನ್ನ. ನೋಡಿಲ್ಲ ಸಾರ್. ನಿನ್ನ ಕಣ್ಣಿಗೆ ಬೀಳದೇ ಇಷ್ಟು ಹೊತ್ತು ಒಬ್ಬ ನಿಂತಿದಾನೆ ಅಂದ್ರೆ ಇವನೇ ಕಣಯ್ಯ ಆಸಾಮಿ, ಇವನೇ ಇವಳಿಗೆ ಸಂದೇಶ ತರೋನು, ಬಟ್ಟೆ ಅವನಿಗೆ ಗುರುತು, ನಾನು ಹೇಳಲಿಲ್ವಾ ಒಳಗೆ ಏನೋ ಇದೆ ಅಂತ. ನಾನೇ ಅಂತ ಈಗಲೇ ಹೇಳಿಬಿಟ್ಟರೆ, ಸಾರ್ ಅದು ನಾನು, ಕರ್ತವ್ಯದ ಮೇಲೆ ನಿಂತಿದ್ದೆ, ಬೂಟು ನೋಡಿ ಗುರುತು ಸಿಗಲಿಲ್ಲ — ಹೇಳಬಹುದು, ಬೂಟಿನ ಮಟ್ಟಿಗೆ ಹೇಳಬಹುದು, ಬಟ್ಟೆ ಬಿದ್ದ ಮೇಲೆ ಏನು ಹೇಳಲಿ. ಎದ್ದು ಬೆಳಕಿಗೆ ಅಡ್ಡ ನಿಂತರೆ, ಮೂತ್ರಕ್ಕೆ ಹೋಗುವವನ ಹಾಗೆ, ಆ ಹೊತ್ತಿಗೆ ಸರಿಯಾಗಿ ಎದ್ದರೆ, ನನ್ನ ನೆರಳು ಪರದೆ ತುಂಬುತ್ತದೆ, ಜನ ಬೈಯುತ್ತಾರೆ, ಕೂತ್ಕೊಳ್ಳಯ್ಯ ಎನ್ನುತ್ತಾರೆ, ಎಡವಿದ ಹಾಗೆ ಮಾಡಿ ಪ್ರೊಜೆಕ್ಟರಿನ ಮೇಲೆಯೇ ಬಿದ್ದರೆ ಇನ್ನೂ ಒಳ್ಳೆಯದು, ಕ್ಲಿಪ್ಪು ಅಲುಗಿದ ಕೂಡಲೇ ಏಳಬೇಕು, ನೋಡು, ಕ್ಲಿಪ್ಪನ್ನೇ ನೋಡು. ಕಾಲಿನ ಬೆರಳುಗಳು ಬೂಟಿನೊಳಗೆ ಸಿದ್ಧವಾಗಿವೆ. ಗಾಳಿ ಬಂತು ಪರದೆಯೊಳಗೆ, ಬಟ್ಟೆ ತುಂಬಿಕೊಂಡಿತು. ಈಗ. ಅರ್ಧ ಎದ್ದಿದ್ದೇನೆ — ಹೊರಗಡೆ ಧ್ವನಿವರ್ಧಕ ಗೊರಗೊರ ಎಂದಿತು.

ಆರು ಗಂಟೆ. ಕಂಬಳಿಯ ಹಿಂದಿನಿಂದ, ಕಿಟಕಿಯ ಹಿಂದಿನಿಂದ ಗೀತೆ ಶುರುವಾಯಿತು, ಕೋಣೆಯಲ್ಲಿ ಕುರ್ಚಿಗಳು ಒಟ್ಟಿಗೇ ಕಿರ್ರೆಂದವು, ಎಲ್ಲರೂ ಎದ್ದರು, ಟೋಪಿಯವನು ಟೋಪಿ ತೆಗೆದ, ಕೂದಲು ಹೆಗಲಿಗೆ ಇಳಿಯಿತು, ಪ್ರೊಜೆಕ್ಟರಿನ ಹುಡುಗಿ ಯಂತ್ರ ನಿಲ್ಲಿಸದೆ ಎದೆಯ ಮೇಲೆ ಕೈಯಿಟ್ಟು ನಿಂತಳು, ಸಾಹೇಬರು ನೆಟ್ಟಗಾದರು, ಅವರ ಕೈ ಎದೆಯ ಮೇಲೆ, ನನ್ನ ಕೈ ನನ್ನ ಎದೆಯ ಮೇಲೆ, ಅದು ತಾನಾಗಿ ಹೋಯಿತು. ಧ್ವಜ ಇಲ್ಲದ ಕೋಣೆ, ಯಾವ ಕಡೆ ಮುಖ ಮಾಡಬೇಕು, ಎಲ್ಲರೂ ಕೂತಿದ್ದ ಕಡೆಗೇ ನಿಂತಿದ್ದಾರೆ, ಬಿಳಿ ಬಟ್ಟೆಯ ಕಡೆಗೆ. ಹೊತ್ತು ನೋಡಿಯೇ ಶುರು ಮಾಡಿದಳೋ, ಚಹಾ ಕೊಡುವುದು ತಡ ಮಾಡಿದ್ದು ಇದಕ್ಕೋ, ಗೋಡೆಗೆ ಒರಗಿದ್ದವಳು ಈಗ ನೆಟ್ಟಗೆ ನಿಂತಿದ್ದಾಳೆ, ಅವಳೂ ಅಲುಗುವಂತಿಲ್ಲ, ಯಾರೂ ಅಲುಗುವಂತಿಲ್ಲ, ಒಂದು ಹೆಜ್ಜೆ, ಬೆಳಕಿಗೆ ಅಡ್ಡ ಒಂದೇ ಹೆಜ್ಜೆ ಸಾಕು, ಆ ಹೆಜ್ಜೆ ಇಟ್ಟರೆ ಸಾಹೇಬರ ಪಕ್ಕದಲ್ಲೇ, ಸಾಹೇಬರ ಕಣ್ಣೆದುರಿಗೇ, ಗೀತೆ ನಡೆಯುವಾಗ — ಇಲ್ಲ. ಕ್ಲಿಪ್ಪು ಬಾಯಿ ಬಿಟ್ಟಿತು. ಬಟ್ಟೆ ಬಿತ್ತು. ಅಲ್ಲಿ ಓಣಿ ನಿಂತಿದೆ, ಇಲ್ಲಿ ಕೋಣೆ ನಿಂತಿದೆ, ಅವರ ಕೈ ಎದೆಯ ಮೇಲೆ, ನಮ್ಮ ಕೈ ಎದೆಯ ಮೇಲೆ, ಎರಡಕ್ಕೂ ಒಂದೇ ಗೀತೆ, ಮೊದಲನೇ ಸಲ ಶಬ್ದವಿಲ್ಲದ್ದಕ್ಕೆ ಈಗ ಶಬ್ದ ಬಂದಿದೆ, ಬೂದು ಕೋಟಿನವನು ತಲೆ ಬಗ್ಗಿಸಿ ನೋಡುತ್ತಿದ್ದಾನೆ, ಬೇಡವೋ, ಈ ಸಲವಾದರೂ ನಿಂತಲ್ಲೇ ನಿಲ್ಲು, ಬಟ್ಟೆ ನಿನ್ನದಲ್ಲ, ಅವಳು ಮತ್ತೆ ಒಗೆಯುತ್ತಾಳೆ ಬಿಡು, ಬಗ್ಗಬೇಡ — ಬಗ್ಗಿದ. ಪಕ್ಕದಲ್ಲಿ ಸಾಹೇಬರ ಕಿವಿ ಕೆಂಪಾಗುವುದು ಪ್ರೊಜೆಕ್ಟರಿನ ಬೆಳಕಿನಲ್ಲಿ ಕಾಣುತ್ತಿದೆ, ಅವರು ನನ್ನ ಕಡೆ ತಿರುಗುವಂತಿಲ್ಲ, ಗೀತೆ ಮುಗಿಯುವ ತನಕ ತಿರುಗುವಂತಿಲ್ಲ, ಅಲ್ಲಿಯ ತನಕ ನಾನು ಗಿಲ್ ಬೊಂಗ್‌ಸು, ಠಾಣೆಯವನು, ಮಿಗ್ಯೊಂಗಳ ಅಪ್ಪ. ನನಗೆ ಹೆದರಿಕೆಯಾಗುತ್ತಿದೆ. ಆ ಮನುಷ್ಯನಿಗೆ ಹೆದರಿಕೆಯೇ ಇಲ್ಲ, ಕೊಡವುತ್ತಿದ್ದಾನೆ, ಒಂದು ಸಲ, ಎರಡು ಸಲ, ಯಾರವನು, ಅವನನ್ನು ನಾನು ನಂಬಲಾರೆ, ಎಷ್ಟು ಚೆನ್ನಾಗಿ ಅಂಚು ಎಳೆಯುತ್ತಿದ್ದಾನೆ, ಅಮ್ಮ ಎಳೆಯುತ್ತಿದ್ದ ಹಾಗೇ, ಎರಡು ಬೆರಳಿನಲ್ಲಿ, ಎತ್ತೋ ಮಗಾ, ಎತ್ತಿದೆನಮ್ಮ, ಇಷ್ಟು ಜನ ನೋಡುತ್ತಿದ್ದಾರೆ ನೋಡು. ಗೀತೆ ಕೊನೆಯ ಸಾಲಿಗೆ ಬಂತು. ಅವನು ತಲೆಯೆತ್ತಿ ನನ್ನನ್ನು ನೋಡಿದ. ಕೈಯಲ್ಲಿ ಕ್ಲಿಪ್ಪು. ಕ್ಲಿಪ್ಪಿನ ಬಾಯಿ ತೆರೆದಿದೆ, ಇನ್ನೂ ಒತ್ತಿಲ್ಲ, ಇನ್ನೂ ಒತ್ತಿಲ್ಲ, ಕ್ಲಿಪ್ಪು